ಕಾಸಿಮಿರೋ ಹೆಸರಿನ ಲಕೋಟೆ

ಆ ಬಿಳಿ ಲಕೋಟೆ ಫ್ರಿಜ್ಜಿನ ಮೇಲೆ ಬಂದು ಕೂತು ಇಪ್ಪತ್ತಮೂರು ದಿನವಾಗಿತ್ತು. ಒಬ್ದೂಲಿಯಾ ದಿನಾ ಅದರ ಮೇಲಿನ ಧೂಳು ಒರೆಸುತ್ತಿದ್ದಳು. ಒರೆಸುವಾಗಲೆಲ್ಲ ಗಂಡನ ಕಡೆ ಒಂದು ನೋಟ ಬಿಸಾಡುತ್ತಿದ್ದಳು. ಗಂಡ ಕಾಸಿಮಿರೋ ಆ ನೋಟ ಬಂದು ತಗಲುವ ಮೊದಲೇ ಟಿ.ವಿ.ಯ ಫುಟ್‌ಬಾಲಿನೊಳಗೆ ಮುಳುಗಿಬಿಡುತ್ತಿದ್ದ.

ಲಕೋಟೆಯೊಳಗೆ ಹುಲಿಯೇನೂ ಇರಲಿಲ್ಲ. ಒಂದು ಕಡ್ಡಿ, ಬೆರಳುದ್ದದ ಒಂದು ಬಾಟ್ಲಿ, ಹೆಸರು ತಾರೀಖು ಬರೆಯಲು ಒಂದು ಚೀಟಿ. ಮನೆಯಲ್ಲೇ ಕದ ಹಾಕಿಕೊಂಡು, ಕಡ್ಡಿಯನ್ನು ಮಲಕ್ಕೆ ನಾಲ್ಕು ಕಡೆ ಚುಚ್ಚಿ, ಬಾಟ್ಲಿಯೊಳಗೆ ಸೇರಿಸಿ ಮುಚ್ಚಿ, ಅಂಚೆಗೆ ಹಾಕಿದರೆ ಮುಗಿಯಿತು. ಎರಡು ನಿಮಿಷದ ಕೆಲಸ. ಹ್ಯೂಸ್ಟನ್ನಿನ ಸುಡುಬಿಸಿಲಲ್ಲಿ ಮೂರಂತಸ್ತಿನ ಛಾವಣಿಯ ಮೇಲೆ ಹಗ್ಗ ಕಟ್ಟಿಕೊಳ್ಳದೆ ಓಡಾಡುವ ಗಂಡಸು ಈ ಕಡ್ಡಿ ಕಂಡರೆ ಮಾತ್ರ ಬೆವರುತ್ತಿದ್ದ.

"ಏ ಮುದುಕಾ, ಇವತ್ತಾದ್ರೂ ಆ ಕೆಲ್ಸ ಮುಗ್ಸೋ."

"ಯಾವ ಕೆಲ್ಸ?"

"ಫ್ರಿಜ್ ಮೇಲೆ ಕೂತಿದ್ಯಲ್ಲ, ಆ ಕೆಲ್ಸ."

"ನಂಗೇನಾಗಿದೆ ಹೇಳು? ಐವತ್ತೆರಡು ವರ್ಷ ಆಯ್ತು, ಕಲ್ಲು ಕೊಟ್ರೂ ಅರಗಿಸ್ಕೋತೀನಿ."

"ಎಲಿಸೆಯೋನೂ ಇದೇ ಮಾತು ಹೇಳ್ತಿದ್ದ."

ಟಿ.ವಿ.ಯ ಸದ್ದು ತಾನಾಗಿಯೇ ಸಣ್ಣದಾಯಿತು. ಎಲಿಸೆಯೋ ಒಬ್ದೂಲಿಯಾಳ ತಮ್ಮ. ಕಾಸಿಮಿರೋ ಜೊತೆ ಒಂದೇ ಏಣಿ ಹತ್ತಿ ಇಳಿದವನು. ರಕ್ತ ಹೋದಾಗ ಮೂಲವ್ಯಾಧಿ ಎಂದ. ಆಮೇಲೆ ಮೆಣಸಿನಕಾಯಿ ಎಂದ. ಆಮೇಲೆ ಬಿಸಿಲು ಎಂದ. ಆಸ್ಪತ್ರೆಗೆ ಹೋದಾಗ ದೊಡ್ಡ ಕರುಳಿನ ಕ್ಯಾನ್ಸರು ಲಿವರಿನ ತನಕ ಹಬ್ಬಿತ್ತು. ನಲವತ್ತೊಂಬತ್ತಕ್ಕೆ ಹೋದ. ಅವನ ಸುತ್ತಿಗೆ ಇನ್ನೂ ಈ ಮನೆಯ ಹಿಂಬಾಗಿಲ ಮೊಳೆಗೆ ನೇತಾಡುತ್ತಿದೆ.

ಒಬ್ದೂಲಿಯಾಗೆ ಇದ್ದದ್ದು ಅದೊಂದೇ ಭಯ. ಆ ಮೊಳೆಗೆ ಇನ್ನೊಂದು ಸುತ್ತಿಗೆ ನೇತಾಡಬಾರದು.

ಲಕೋಟೆ ಕೊಟ್ಟವಳು ಯಾದಿರಾ. ಪಕ್ಕದ ಬೀದಿಯ ಹುಡುಗಿ, ಬಡಾವಣೆಯ ಕ್ಲಿನಿಕ್ಕಿನಲ್ಲಿ ಆರೋಗ್ಯ ಕಾರ್ಯಕರ್ತೆ. ಭಾನುವಾರ ಗಂಡಸರ ಫುಟ್‌ಬಾಲ್ ಪಂದ್ಯ ನಡೆಯುವ ಮೈದಾನಕ್ಕೇ ಹೋಗಿ, ಟ್ಯಾಕೊ ಗಾಡಿಯ ಪಕ್ಕ ಮೇಜು ಹಾಕಿಕೊಂಡು, ನಲವತ್ತೈದು ದಾಟಿದವರಿಗೆಲ್ಲ ಒಂದೊಂದು ಕಿಟ್ ಹಂಚಿದ್ದಳು. ಇಪ್ಪತ್ತಮೂರು ದಿನ ಕಳೆದ ಆ ಸಂಜೆ ಅವಳು ನೇರ ಅಡಿಗೆಮನೆಗೇ ಬಂದಳು. ಹಿರಿಯರನ್ನೆಲ್ಲ ಮರ್ಯಾದೆಗೆ 'ದೋನ್' ಎಂದೇ ಕರೆಯುವವಳು.

"ದೋನ್ ಕಾಸಿಮಿರೋ, ಮೂವತ್ತೆಂಟು ಕಿಟ್ ಕೊಟ್ಟೆ. ಎಷ್ಟು ವಾಪಸ್ ಬಂತು ಗೊತ್ತಾ? ಒಂಬತ್ತು! ಉಳಿದಿದ್ದು ಎಲ್ಲಿಗೆ ಹೋಯ್ತು?"

"ಫ್ರಿಜ್ ಮೇಲೆ," ಎಂದಳು ಒಬ್ದೂಲಿಯಾ.

ಮೇಜಿನ ಆ ತುದಿಯಲ್ಲಿ ಬೀನ್ಸಿಗೆ ರೊಟ್ಟಿ ಅದ್ದುತ್ತಿದ್ದ ನಿಕಾನೋರ್ ಕಿಸಕ್ಕೆಂದು ನಕ್ಕ. ನಿಕಾನೋರ್ ಈ ಮನೆಯ ಹಿಂದಿನ ಗ್ಯಾರೇಜಿನಲ್ಲಿ ಬಾಡಿಗೆಗೆ ಇರುವವನು. ನೆಲಕ್ಕೆ ಟೈಲ್ಸ್ ಕೂರಿಸುವ ಕೆಲಸ. ಇವರ ಮಗಳಿಗೆ ಚರ್ಚಿನಲ್ಲಿ ದೀಕ್ಷಾಸ್ನಾನ ಮಾಡಿಸುವಾಗ ಅವಳನ್ನು ಕೈಯಲ್ಲಿ ಹಿಡಿದು ನಿಂತವನು, ಹಾಗಾಗಿ ಗಂಡ ಹೆಂಡಿರಿಬ್ಬರಿಗೂ ಕೊಂಪಾದ್ರೆ, ಅವನಿಗೆ ಒಬ್ದೂಲಿಯಾ ಕೊಮಾದ್ರೆ. ಒಡಹುಟ್ಟಿದವನಿಗಿಂತ ಒಂದು ಕೈ ಹೆಚ್ಚು. ಅವನ ಹೆಂಡತಿ ಮಕ್ಕಳು ಗಡಿಯಾಚೆ ಮಿಚೊವಕಾನಿನ ಹಳ್ಳಿಯಲ್ಲಿದ್ದರು. ಹನ್ನೊಂದು ವರ್ಷದಿಂದ ಅವರು ಇವನ ಮುಖ ನೋಡಿದ್ದು ಫೋನಿನಲ್ಲೇ. ಮೂರು ಹೊತ್ತಿನಲ್ಲಿ ಎರಡು ಹೊತ್ತು ಅವನ ಊಟ ಇದೇ ಮೇಜಿನ ಮೇಲೆ.

"ನೀವೇನ್ ನಗ್ತೀರ ದೋನ್ ನಿಕಾನೋರ್? ನಿಮ್ ಕಿಟ್ ಎಲ್ಲಿ?"

"ನಂಗ್ಯಾಕಮ್ಮ? ನಾನು ಹರಕೆ ಹೊತ್ತವನು."

ಅಂಗಿಯ ಜೇಬಿನಿಂದ ಚೀಟಿ ತೆಗೆದು ತೋರಿಸಿದ. ಗ್ವಾದಲೂಪೆ ಮಾತೆಯ ಚಿತ್ರ, ಕೆಳಗೆ ಪಾದ್ರಿಯ ಸಹಿ. ಮುಂದಿನ ಡಿಸೆಂಬರ್ ಹನ್ನೆರಡರವರೆಗೆ ಒಂದು ತೊಟ್ಟು ಮದ್ಯ ಮುಟ್ಟುವುದಿಲ್ಲ ಎಂದು ಮಾತೆಯ ಮುಂದೆ ಆಡಿದ ಮಾತು. ಆರು ವರ್ಷದಿಂದ ಪ್ರತಿ ಡಿಸೆಂಬರಿಗೂ ಹೊಸ ಚೀಟಿ. ಇಡೀ ಬೀದಿಯಲ್ಲಿ ಅವನಷ್ಟು ಶುದ್ಧವಾದ ಗಂಡಸು ಇನ್ನೊಬ್ಬನಿಲ್ಲ ಎಂದು ಎಲ್ಲರೂ ಹೇಳುತ್ತಿದ್ದರು. ಅವನೂ ಹೇಳುತ್ತಿದ್ದ.

"ಕರುಳಿಗೆ ನಿಮ್ ಹರಕೆ ಚೀಟಿ ಓದೋಕೆ ಬರಲ್ಲ," ಎಂದಳು ಯಾದಿರಾ. "ಈ ಕಾಯಿಲೆ ಮೊದಮೊದಲು ನೋಯಲ್ಲ, ಉರಿಯಲ್ಲ. ಒಳಗೆ ಸಣ್ಣ ಗಂಟಾಗತ್ತೆ. ಕಣ್ಣಿಗೆ ಕಾಣದಷ್ಟು ರಕ್ತ ಬಿಡತ್ತೆ. ಆ ರಕ್ತ ಇದ್ಯಾ ಅಂತ ಈ ಕಡ್ಡಿ ಹೇಳತ್ತೆ. ಕಣ್ಣಿಗೇ ರಕ್ತ ಕಂಡ್ರೆ ಮಾತ್ರ ಕಡ್ಡಿ ಹಿಡ್ಕೊಂಡು ಕೂರಬಾರ್ದು, ನೆಟ್ಟಗೆ ಡಾಕ್ಟ್ರ ಹತ್ರ ಬರ್ಬೇಕು. ಗಂಟು ಇರುವಾಗ್ಲೇ ಸಿಕ್ರೆ ಕಿತ್ತು ಹಾಕ್ತಾರೆ. ಅಷ್ಟೇ."

"ನೋಡ್ತೀನಿ ಮಗಳೇ," ಎಂದ ಕಾಸಿಮಿರೋ.

"ನೋಡೋದಲ್ಲ, ಚುಚ್ಚೋದು!" ಎಂದಳು ಒಬ್ದೂಲಿಯಾ. "ಕೇಳು. ಆ ಲಕೋಟೆ ಈ ಮನೆಯಿಂದ ಹೊರಗೆ ಹೋಗೋವರ್ಗೂ ನಾನು ಮೆನೂದೋ ಮಾಡಲ್ಲ. ಭಾನುವಾರ ಬೆಳಿಗ್ಗೆ ಎದ್ದು ಓಟ್ಸ್ ತಿನ್ನು."

ಬೋಟಿಯ ಸಾರಿಲ್ಲದ ಭಾನುವಾರ! ಕಾಸಿಮಿರೋ ಮುಖ ಸತ್ತವರ ಮನೆಗೆ ಹೊರಟವನ ಹಾಗಾಯಿತು.

ಆ ಬೆದರಿಕೆ ಫಲ ಕೊಟ್ಟಿತು. ಶುಕ್ರವಾರ ಕಾಸಿಮಿರೋ ಮತ್ತು ಕೊಂಪಾದ್ರೆ ಗ್ಯಾರೇಜಿನ ಹಿಂದೆ ನಿಂತು ಹುಡುಗರ ಹಾಗೆ ಪಿಸುಗುಟ್ಟುತ್ತಿದ್ದದ್ದು, ಒಬ್ಬರ ಬೆನ್ನು ಒಬ್ಬರು ತಟ್ಟಿ ನಗುತ್ತಿದ್ದದ್ದು ಒಬ್ದೂಲಿಯಾಗೆ ಕಿಟಕಿಯಿಂದ ಕಂಡಿತು. ಶನಿವಾರ ಬೆಳಿಗ್ಗೆ ಗಂಡ ಬಂದು ಅಂಟಿಸಿದ ಲಕೋಟೆಯನ್ನು ಅವಳ ಕೈಗಿಟ್ಟ.

"ತಗೋ. ಮುಗೀತು. ಸಂತೋಷ ಆಯ್ತಾ?"

"ನೀನೇ ಮಾಡಿದ್ಯಾ?"

"ಮತ್ತೆ ಮೇಯರ್ ಬಂದು ಮಾಡ್ತಾರಾ?"

ಒಬ್ದೂಲಿಯಾ ಆ ಲಕೋಟೆಗೆ ಒಂದು ಮುತ್ತು ಕೊಡುವುದೊಂದು ಬಾಕಿ. ಒಳಗೇನಿದೆ ಎಂದು ನೆನಪಾಗಿ ಸುಮ್ಮನಾದಳು. ತಾನೇ ಅಂಚೆ ಡಬ್ಬಿಗೆ ಹಾಕಿ ಬಂದಳು. ಭಾನುವಾರ ಮೆನೂದೋ ಕುದಿಯಿತು. ಗಂಡಸರಿಬ್ಬರೂ ಮೂರು ಮೂರು ಬಟ್ಟಲು ಕುಡಿದರು.

ಎರಡು ವಾರ ಕಳೆದು ಒಂದು ಗುರುವಾರ, ಊಟದ ಹೊತ್ತಿಗೆ ಸರಿಯಾಗಿ ಯಾದಿರಾ ಬಾಗಿಲು ತಟ್ಟಿದಳು. ಬೆವೆತಿದ್ದಳು. ಸಿಟ್ಟಾಗಿದ್ದಳು.

"ಕ್ಲಿನಿಕ್ಕಿಂದ ಮೂರು ಸಲ ಫೋನ್ ಮಾಡಿದಾರೆ, ದೋನ್ ಕಾಸಿಮಿರೋ. ನೀವು ಎತ್ತಿಲ್ಲ."

"ಎಷ್ಟೊತ್ತಿಗೆ?"

"ಬೆಳಿಗ್ಗೆ ಹತ್ತಕ್ಕೆ."

"ಹತ್ತು ಗಂಟೇಲಿ ನಾನು ಛಾವಣಿ ಮೇಲಿರ್ತೀನಿ. ಒಂದು ಕೈಲಿ ಸುತ್ತಿಗೆ, ಇನ್ನೊಂದ್ ಕೈಲಿ ಛಾವಣಿ. ಹಲ್ಲಲ್ಲಿ ಎತ್ಲಾ ಫೋನು?"

"ಅದನ್ನೇ ನಾನೂ ಹೇಳ್ತಿರೋದು! ಪ್ರತಿ ಮೀಟಿಂಗಲ್ಲೂ ಬಾಯಿ ಬಡ್ಕೋತೀನಿ. ಸಂಜೆ ಏಳಕ್ಕೆ ಮಾಡಿ, ಸ್ಪ್ಯಾನಿಷಲ್ಲಿ ಮಾಡಿ ಅಂತ. 'ಪರಿಶೀಲಿಸ್ತೀವಿ' ಅಂತಾರೆ. ಪರಿಶೀಲಿಸ್ತಾ ಪರಿಶೀಲಿಸ್ತಾ ನಂಗೆ ಮದುವೆ ಆಗಿ ಮೊಮ್ಮಕ್ಕಳಾಗ್ತಾವೆ." ಕುರ್ಚಿ ಎಳೆದು ಕೂತಳು. ದನಿ ತಗ್ಗಿಸಿದಳು. "ನಿಮ್ಮ ಫಲಿತಾಂಶ ಬಂದಿದೆ. ರಕ್ತ ಸಿಕ್ಕಿದೆ."

ಒಬ್ದೂಲಿಯಾ ಹಾಕಿದ್ದ ರೊಟ್ಟಿ ಹೆಂಚಿನ ಮೇಲೇ ಉಳಿಯಿತು. ಹಿಂಬಾಗಿಲ ಮೊಳೆ, ಮೊಳೆಯ ಮೇಲಿನ ಸುತ್ತಿಗೆ, ಅದೊಂದೇ ಅವಳಿಗೆ ಕಂಡದ್ದು. ರೊಟ್ಟಿ ಸೀದು ಹೊಗೆಯೆದ್ದರೂ ಅವಳು ಅಲುಗಲಿಲ್ಲ.

"ರಕ್ತ ಅಂದ ತಕ್ಷಣ ಕ್ಯಾನ್ಸರ್ ಅಂತಲ್ಲ," ಯಾದಿರಾ ಬೇಗಬೇಗ ಹೇಳಿದಳು. "ಮೂಲವ್ಯಾಧಿ ಇರ್ಬಹುದು, ಗಂಟು ಇರ್ಬಹುದು. ಆದ್ರೆ ಕೊಲೊನೊಸ್ಕೊಪಿ ಮಾಡಿಸ್ಲೇಬೇಕು. ಕ್ಯಾಮೆರಾ ಬಿಟ್ಟು ಒಳಗೆ ನೋಡ್ತಾರೆ..."

ಕಾಸಿಮಿರೋ ಆಗ ಮಾಡಿದ ಕೆಲಸವನ್ನು ಒಬ್ದೂಲಿಯಾ ಇವತ್ತಿಗೂ ಕ್ಷಮಿಸಿಲ್ಲ. ಅವನು ನಕ್ಕ. ಎದೆಯ ಮೇಲಿನ ಭಾರ ಇಳಿದವನ ಹಾಗೆ, ಹೊಟ್ಟೆ ಹಿಡಿದುಕೊಂಡು ನಕ್ಕ.

"ಅಯ್ಯೋ ಮಗಳೇ! ಹೆದರ್ಬೇಡ. ಅದು ನಂದಲ್ಲ!"

"ನಿಂದಲ್ಲ ಅಂದ್ರೆ?" ಎಂದಳು ಒಬ್ದೂಲಿಯಾ.

"ಅಂದ್ರೆ... ನಂದಲ್ಲ ಮುದುಕಿ. ಅದರ ಹಿಂದಿನ ಭಾನುವಾರ ಆರು ಬಿಯರ್ ಹಾಕಿದ್ನಲ್ಲ. ಪರೀಕ್ಷೇಲಿ ಸಿಕ್ಕಿಹಾಕ್ಕೊಂಡ್ರೆ? ಮೇಸ್ತ್ರಿಗೆ ಕಾಗದ ಹೋದ್ರೆ? ದೊಡ್ಡ ಕಂಪನಿ ಕೆಲ್ಸಕ್ಕೆ ಹೋದಾಗೆಲ್ಲ ಗೇಟಲ್ಲಿ ಕಪ್ ಕೊಡ್ತಾರಲ್ಲ, ಉಚ್ಚೆ ಹಿಡ್ಕೊಂಡ್ ಬಾ, ಕುಡಿದಿದೀಯಾ ನೋಡ್ತೀವಿ ಅಂತ? ಆಗೆಲ್ಲ ನಾವು ಕೊಂಪಾದ್ರೆ ಹತ್ರ ತಗೊಳ್ಳೋದು. ನಾನಷ್ಟೇ ಅಲ್ಲ, ನಾಲ್ಕು ಜನ ತಗೊಂಡಿದೀವಿ. ಹರಕೆ ಹೊತ್ತವನದು ಯಾವತ್ತೂ ಫೇಲಾಗಿಲ್ಲ. ಅದಕ್ಕೆ ಇದಕ್ಕೂ ಅವನ್ದೇ..."

ಅವನ ನಗು ಮುಖದ ಮೇಲೇ ಒಣಗಿತು.

ಮೂರು ಜನವೂ ಮೇಜಿನ ಆ ತುದಿಗೆ ತಿರುಗಿದರು.

ನಿಕಾನೋರನ ಚಮಚ ಬಟ್ಟಲಿಗೂ ಬಾಯಿಗೂ ನಡುವೆ ನಿಂತಿತ್ತು. ಬೀನ್ಸಿನ ರಸ ಒಂದೊಂದೇ ಹನಿ ಮೇಜಿನ ಬಟ್ಟೆಯ ಮೇಲೆ ಬೀಳುತ್ತಿತ್ತು.

"ಹಂಗಾದ್ರೆ," ಎಂದ ಅವನು, "ಅದು ನಂದಾ?"

ಯಾದಿರಾ ಎರಡು ಕೈಯಲ್ಲೂ ತಲೆ ಹಿಡಿದುಕೊಂಡಳು.

"ಇದು ಪಾಸು ಫೇಲಿನ ಪರೀಕ್ಷೆ ಅಲ್ಲ ದೋನ್ ಕಾಸಿಮಿರೋ! ಇದ್ರಲ್ಲಿ ಬಿಯರ್ ಗೊತ್ತಾಗಲ್ಲ. ಮೇಸ್ತ್ರಿಗೆ ಕಾಗದ ಹೋಗಲ್ಲ, ಯಾರಿಗೂ ಹೋಗಲ್ಲ. ನಿಮಗೆ, ಡಾಕ್ಟ್ರಿಗೆ, ಅಷ್ಟೇ. ನಾನೇ ಬಂದು ಇಲ್ಲೇ ಕೂತು ಹೇಳಿದ್ನಲ್ಲ! ಯಾರಾದ್ರೂ ಇನ್ನೊಬ್ರ ಹತ್ರ ಸಾಲ ತಗೊಂಡು..." ಅವಳು ಕುರ್ಚಿಯಿಂದೆದ್ದಳು. "ದೇವ್ರೇ, ಇದನ್ನ ಡಾಕ್ಟ್ರಿಗೆ ನಾನ್ ಹೆಂಗೆ ಹೇಳ್ಲಿ?"

ಒಬ್ದೂಲಿಯಾ ಗಂಡನ ಮೇಲೆ ಎಗರಾಡಬೇಕು ಎಂದು ಬಾಯಿ ತೆರೆದಳು. ಆದರೆ ಅವಳ ಕಣ್ಣು ನಿಕಾನೋರನ ಸೊಂಟದ ಮೇಲೆ ಬಿತ್ತು. ಬೆಲ್ಟಿಗೆ ಹೊಸದಾಗಿ ಎರಡು ತೂತು. ಮೊಳೆ ಹೊಡೆದು ಮಾಡಿದ್ದು. ತಿಂಗಳಿಂದ ಅವನು 'ಸುಸ್ತು, ಬಿಸಿಲು' ಎನ್ನುತ್ತಿದ್ದದ್ದು ನೆನಪಾಯಿತು. ದಿನಾ ಕಣ್ಣೆದುರು ಕೂತು ಉಣ್ಣುತ್ತಿದ್ದವನನ್ನು ಅವಳೂ ನೋಡಿರಲಿಲ್ಲ. ಅವಳ ಕಾವಲೆಲ್ಲ ಇನ್ನೊಬ್ಬನ ಮೇಲಿತ್ತು.

"ಕೊಂಪಾದ್ರೆ, ನೀವು ಆಸ್ಪತ್ರೆಗೆ ಹೋಗ್ತೀರಿ," ಎಂದಳು.

"ಇಲ್ಲ ಕೊಮಾದ್ರೆ."

"ಏನ್ ಇಲ್ಲ?"

"ಕಾಗದ ಪತ್ರ ಇಲ್ಲ. ವಿಮೆ ಇಲ್ಲ. ಇಂಗ್ಲಿಷ್ ಇಲ್ಲ. ಕಾರಿಲ್ಲ."

"ಹೊಟ್ಟೆ ಇದ್ಯಲ್ಲ!" ಒಬ್ದೂಲಿಯಾ ಸೌಟನ್ನು ಮೇಜಿಗೆ ಕುಟ್ಟಿದಳು. "ಹೆಂಡ್ತಿ ಇದಾಳಲ್ಲ! ಹನ್ನೊಂದು ವರ್ಷ ಕಾದಿದಾಳಲ್ಲ! ನಿಮ್ಮನ್ನ ಪೆಟ್ಟಿಗೇಲಿ ಹಾಕಿ ಕಳಿಸ್ಲಾ ಅವಳಿಗೆ?"

ನಿಕಾನೋರ್ ತಲೆ ತಗ್ಗಿಸಿದ. ಯಾದಿರಾ ಉಸಿರು ಎಳೆದುಕೊಂಡು, ಬೆರಳು ಮಡಿಸುತ್ತಾ ಹೇಳತೊಡಗಿದಳು. ನಮ್ಮ ಕ್ಲಿನಿಕ್ಕಲ್ಲಿ ಕಾಗದ ಪತ್ರ ಕೇಳುವುದಿಲ್ಲ. ವಿಮೆ ಇಲ್ಲದಿದ್ದರೆ ದುಡಿಮೆ ನೋಡಿ ಶುಲ್ಕ ಇಳಿಸುತ್ತಾರೆ, ಅರ್ಜಿ ನಾನೇ ತುಂಬುತ್ತೇನೆ. ಇಂಗ್ಲಿಷಿಗೆ ನಾನಿದ್ದೇನೆ.

"ಮಾಡೋವಾಗ ಮಂಪರಿಗೆ ಔಷಧಿ ಕೊಡ್ತಾರೆ, ನೋವಾಗಲ್ಲ. ಆದ್ರೆ ಮನೆಗೆ ಕರ್ಕೊಂಡ್ ಹೋಗೋಕೆ ಗೊತ್ತಿರೋರು ಒಬ್ರು ಬರ್ಲೇಬೇಕು. ಒಬ್ಬರೇ ಬಂದ್ರೆ ವಾಪಸ್ ಕಳಿಸ್ತಾರೆ. ಅದೊಂದೇ ಕಾರಣಕ್ಕೆ ಬಾಗಿಲ ತನಕ ಬಂದು ಎಷ್ಟು ಜನ ತಿರುಗಿ ಹೋಗಿದಾರೆ ಅಂದ್ರೆ, ನಂಗೆ ಗೋಡೆಗೆ ತಲೆ ಚಚ್ಕೋಬೇಕು ಅನ್ಸತ್ತೆ."

"ನಾನ್ ಕರ್ಕೊಂಡ್ ಹೋಗ್ತೀನಿ," ಎಂದ ಕಾಸಿಮಿರೋ. ಅದು ಆ ಸಂಜೆ ಅವನು ಆಡಿದ ಮೊದಲ ಸರಿಯಾದ ಮಾತು.

ನಿಕಾನೋರ್ ಅವನ ಕಿವಿಯ ಹತ್ತಿರ ಬಾಗಿದ. ಪಿಸುಮಾತು ಎಂದುಕೊಂಡದ್ದು ಎಲ್ಲರಿಗೂ ಕೇಳಿಸಿತು. "ಆದ್ರೆ ಕೊಂಪಾದ್ರೆ, ಕ್ಯಾಮೆರಾ... ಅಲ್ಲಿಂದ ಬಿಡ್ತಾರಂತೆ. ಗಂಡಸರಾಗಿ..."

"ನಿಮ್ ಗಂಡಸ್ತನ ಎಲ್ಲಾ ಬಿಟ್ಟು ಅಲ್ಲಿ ಹೋಗಿ ಕೂತಿದ್ಯಾ?" ಎಂದಳು ಒಬ್ದೂಲಿಯಾ. ಯಾದಿರಾ ಬಾಯಿ ಮುಚ್ಚಿಕೊಂಡು ಗೋಡೆಯ ಕಡೆ ತಿರುಗಿದಳು.

ಇಷ್ಟಕ್ಕೇ ಮುಗಿಯಿತೇ? ಎಲ್ಲಿ ಮುಗಿಯಿತು! ಡಾಕ್ಟರಿಗೆ ವಿಷಯ ಹೇಳಿದ ಯಾದಿರಾಗೆ ಅರ್ಧ ಗಂಟೆ ನಗು, ಅರ್ಧ ಗಂಟೆ ಬೈಗುಳ ಎರಡೂ ಸಿಕ್ಕಿದವು. ಡಾಕ್ಟರು ನಿಕಾನೋರನನ್ನು ಕರೆಸಿ, ಸುಸ್ತು ಮತ್ತು ಬೆಲ್ಟಿನ ತೂತಿನ ಕಥೆ ಕೇಳಿ, ನೇರ ಕೊಲೊನೊಸ್ಕೊಪಿಗೆ ಬರೆದರು. ಕಂಪ್ಯೂಟರಿನಲ್ಲಿ ಮಾತ್ರ ಆ ರಕ್ತ ಇನ್ನೂ ಕಾಸಿಮಿರೋ ಹೆಸರಿನಲ್ಲೇ ಇತ್ತು. ಅದನ್ನು ಅಳಿಸುವಷ್ಟರಲ್ಲಿ ಅವನಿಗೆ ಇನ್ನೂ ಎರಡು ಸಲ ಫೋನು ಬಂತು, ಬೆಳಿಗ್ಗೆ ಹತ್ತಕ್ಕೆ. ನಿಕಾನೋರನಿಗೆ ಬಂದ ಕಾಗದ ಇಂಗ್ಲಿಷಿನಲ್ಲಿತ್ತು. ಕೊಟ್ಟ ದಿನ ಮಂಗಳವಾರ. ಮಂಗಳವಾರ ಬರದಿದ್ದರೆ ನಾಳೆಯಿಂದ ಬರಲೇಬೇಡ ಎಂದ ಟೈಲ್ಸ್ ಮೇಸ್ತ್ರಿ. ಯಾದಿರಾ ಹೋಗಿ ಜಗಳವಾಡಿ ಮೂರು ವಾರ ಆಚೆಯ ಒಂದು ಶನಿವಾರ ಗಿಟ್ಟಿಸಿದಳು. ಒಂದು ಹೊಟ್ಟೆಯೊಳಗೆ ಇಣುಕಲು ಇಷ್ಟು ಬಾಗಿಲು ಯಾಕೆ, ಎಂದು ಒಬ್ದೂಲಿಯಾ ಸಿಕ್ಕವರನ್ನೆಲ್ಲ ಕೇಳುತ್ತಿದ್ದಳು. ಕಾರಿನವರಿಗೆ ಇಲ್ಲದ ಬಾಗಿಲು ಏಣಿಯವರಿಗೆ ಯಾಕೆ?

ಶುಕ್ರವಾರ ಮಧ್ಯಾಹ್ನದಿಂದ ಕರುಳು ತೊಳೆಯುವ ಔಷಧಿ ಕುಡಿಯಬೇಕಿತ್ತು. ಗ್ಯಾರೇಜಿಗೆ ಸಂಡಾಸು ಇರಲಿಲ್ಲ. ಇಡೀ ಮನೆಗೆ ಇದ್ದದ್ದು ಒಂದೇ. ನಿಕಾನೋರ್ ಉಪ್ಪುಪ್ಪಾದ ಆ ನೀರನ್ನು ಲೋಟಗಟ್ಟಲೆ ಕುಡಿದು, ಒಳಗೆ ಹೋಗಿ ಚಿಲಕ ಹಾಕಿಕೊಂಡವನು ಹೊರಬರಲೇ ಇಲ್ಲ.

"ಕೊಂಪಾದ್ರೆ, ಇದೀರಾ?" ಒಬ್ದೂಲಿಯಾ ಕದ ತಟ್ಟಿದಳು.

"ಅರ್ಧ ಇದೀನಿ ಕೊಮಾದ್ರೆ. ಇನ್ನರ್ಧ ಹೋಯ್ತು."

ಕಾಸಿಮಿರೋ ಎರಡು ಸಲ ಮೂಲೆಯ ಪೆಟ್ರೋಲ್ ಬಂಕಿನ ತನಕ ಓಡಿದ. ಮೂರನೆಯ ಸಲ ಓಡುವಾಗ ಒಬ್ದೂಲಿಯಾ ಬಾಗಿಲಲ್ಲಿ ನಿಂತು ಕೂಗಿದಳು: "ಓಡು, ಓಡು! ಅವತ್ತು ಎರಡು ನಿಮಿಷ ಕೂರೋಕಾಗ್ಲಿಲ್ಲ ಅಲ್ವಾ ನಿಂಗೆ!"

ಶನಿವಾರ ಪರೀಕ್ಷೆ ಅರ್ಧ ಗಂಟೆಯಲ್ಲಿ ಮುಗಿಯಿತು. ನಿಕಾನೋರ್ ಹಾಯಾಗಿ ನಿದ್ದೆ ಮಾಡಿ ಎದ್ದವನು ಕೇಳಿದ ಮೊದಲ ಮಾತು, "ಯಾವಾಗ ಶುರು ಮಾಡ್ತಾರೆ?" ಹೊರಗೆ ಕಾಯುತ್ತಿದ್ದ ಕಾಸಿಮಿರೋ ಟೋಪಿಯನ್ನು ಕೈಯಲ್ಲಿ ಹಿಂಡಿ ಹಿಂಡಿ ಚಿಂದಿ ಮಾಡಿದ್ದ.

ಮೂರು ಗಂಟು ಸಿಕ್ಕಿದ್ದವು. ಮೂರನ್ನೂ ಅಲ್ಲೇ ತೆಗೆದಿದ್ದರು. ಹತ್ತು ದಿನದ ಮೇಲೆ ವರದಿ ಬಂತು. ಎರಡು ನಿರಪಾಯ. ಮೂರನೆಯದರ ತುದಿಯಲ್ಲಿ ಕ್ಯಾನ್ಸರ್ ಶುರುವಾಗಿತ್ತು. ಆದರೆ ಗಂಟು ದಾಟಿ ಆಚೆ ಹೋಗಿರಲಿಲ್ಲ. ಪೂರ್ತಿಯಾಗಿ ಬಂದಿದೆ, ಬಿಡದೆ ತಪಾಸಣೆಗೆ ಬರುತ್ತಿರಬೇಕು, ಎಂದರು ಡಾಕ್ಟರು. ಇನ್ನೊಂದೆರಡು ವರ್ಷ ಸುಮ್ಮನಿದ್ದರೆ ಏನಾಗುತ್ತಿತ್ತು ಎಂದು ನಿಕಾನೋರ್ ಕೇಳಿದ. ಡಾಕ್ಟರು ತಲೆ ಅಲ್ಲಾಡಿಸಿದರು. ಯಾದಿರಾ ಅನುವಾದ ಮಾಡುವ ಅಗತ್ಯವೂ ಬೀಳಲಿಲ್ಲ.

ಆ ಸಂಜೆ ನಿಕಾನೋರ್ ಗ್ಯಾರೇಜಿನ ಮೆಟ್ಟಿಲ ಮೇಲೆ ಕೂತು ಹೆಂಡತಿಗೆ ಫೋನು ಮಾಡಿ ಎಲ್ಲವನ್ನೂ ಹೇಳಿದ. ಫೋನಿನೊಳಗಿಂದ ಬಂದ ಬೈಗುಳ ಅಡಿಗೆಮನೆಯ ತನಕ ಕೇಳಿಸಿತು. ಒಬ್ದೂಲಿಯಾಗೆ ಎಷ್ಟೋ ತಿಂಗಳ ಮೇಲೆ ಹೊಟ್ಟೆ ತಂಪಾಯಿತು. ಬೈಯುವುದಕ್ಕೆ ಜೊತೆ ಸಿಕ್ಕಿತ್ತಲ್ಲ.

ಅಡಿಗೆಮನೆಗೆ ಬಂದ ಗಂಡ ಕೈ ಚಾಚಿದ.

"ಏನು?"

"ಇನ್ನೊಂದು ಲಕೋಟೆ ಕೊಟ್ಟು ಹೋಗಿದಾಳಲ್ಲ ಆ ಹುಡುಗಿ. ಕೊಡು."

"ಈ ಸಲ ಯಾರ್ದು? ಪಾದ್ರಿಗಳದ್ದಾ?"

ಕಾಸಿಮಿರೋ ನಗಲಿಲ್ಲ. "ಅವನು ನಂಗೆ ಕೊಡದೇ ಇದ್ದಿದ್ರೆ ಅವನಿಗೆ ಗೊತ್ತೇ ಆಗ್ತಿರ್ಲಿಲ್ಲ ಮುದುಕಿ. ನಾನು ಕಳ್ಳತನ ಮಾಡಿದ್ದಕ್ಕೆ ಅವನು ಉಳ್ಕೊಂಡ. ಅದನ್ನ ನೆನೆಸ್ಕೊಂಡ್ರೆ ನಿದ್ದೆ ಬರಲ್ಲ. ಎಲ್ಲಾ ಸಲ ಹಂಗೆ ಅದೃಷ್ಟ ಇರತ್ತಾ?" ಚೀಟಿಯ ಮೇಲೆ ತನ್ನ ಹೆಸರನ್ನು ತಾನೇ ದೊಡ್ಡ ದೊಡ್ಡ ಅಕ್ಷರದಲ್ಲಿ ಬರೆದ. ಒಳಗೆ ಹೋಗಿ ಚಿಲಕ ಹಾಕಿಕೊಂಡ. ಎರಡು ನಿಮಿಷಕ್ಕೇ ಹೊರಗೆ ಬಂದ.

"ಇಷ್ಟೇನಾ?" ಎಂದ.

ಒಬ್ದೂಲಿಯಾ ಸೌಟು ಎತ್ತಿದಳು. ಮತ್ತೆ ಇಳಿಸಿದಳು. ಏನು ಪ್ರಯೋಜನ?

ಕಾಸಿಮಿರೋ ಫಲಿತಾಂಶದಲ್ಲಿ ರಕ್ತ ಇರಲಿಲ್ಲ. ಮುಂದಿನ ವರ್ಷ ಮತ್ತೆ ಮಾಡಬೇಕು, ಅಷ್ಟೇ. ಕ್ಲಿನಿಕ್ಕಿನವರು ಆ ವಿಷಯ ಹೇಳಲು ಫೋನು ಮಾಡಿದ್ದು ಸಂಜೆ ಏಳು ಗಂಟೆಗೆ, ಸ್ಪ್ಯಾನಿಷಿನಲ್ಲಿ. ಯಾದಿರಾಗೆ ಮೊಮ್ಮಕ್ಕಳಾಗುವ ಮೊದಲೇ ಪರಿಶೀಲನೆ ಮುಗಿದಿತ್ತು.

ಡಿಸೆಂಬರ್ ಹನ್ನೆರಡರಂದು ನಿಕಾನೋರ್ ಹೊಸ ಹರಕೆ ಚೀಟಿಗೆ ಚರ್ಚಿನಲ್ಲಿ ಸಾಲು ನಿಂತ. ಅವನ ಹಿಂದೆ ಕಾಸಿಮಿರೋ ನಿಂತಿದ್ದನ್ನು ಕಂಡು ಒಬ್ದೂಲಿಯಾಳ ಕಣ್ಣು ತುಂಬಿತು. ಕೊನೆಗೂ ಬಿಯರ್ ಬಿಡುತ್ತಾನೆ! ಚೀಟಿ ತಂದು ಕೊಟ್ಟಾಗ ಓದಿದಳು. ಪಾದ್ರಿಯ ಸಹಿಯ ಮೇಲೆ ಹೀಗೆ ಬರೆದಿತ್ತು: 'ಪ್ರತಿ ವರ್ಷ ಕಡ್ಡಿ ಪರೀಕ್ಷೆ ಮಾಡುತ್ತೇನೆ. ನನ್ನದನ್ನೇ ಕೊಡುತ್ತೇನೆ.'

"ಬಿಯರು?" ಎಂದಳು.

"ಒಂದೊಂದಾಗಿ ಬರೋಣ ಮುದುಕಿ," ಎಂದ ಕಾಸಿಮಿರೋ.

ಓದುತ್ತಿರುವ ಅಣ್ಣಂದಿರೇ, ನಕ್ಕಿರಿ ತಾನೇ? ಈಗ ಸ್ವಲ್ಪ ನಿಮ್ಮ ಮನೆಯ ಫ್ರಿಜ್ಜಿನ ಮೇಲೂ ನೋಡಿ. ವಯಸ್ಸು ನಲವತ್ತೈದು ದಾಟಿದ್ದರೆ ಕರುಳಿನ ಪರೀಕ್ಷೆ ಯಾವುದು, ಯಾವಾಗ ಎಂದು ಹತ್ತಿರದ ಆಸ್ಪತ್ರೆಯಲ್ಲೋ ಆರೋಗ್ಯ ಕಾರ್ಯಕರ್ತೆಯ ಹತ್ತಿರವೋ ಬಾಯಿಬಿಟ್ಟು ಕೇಳಿ. ಮನೆಯಲ್ಲಿ ಹಿಂದೆ ಯಾರಿಗಾದರೂ ಈ ಕಾಯಿಲೆ ಬಂದಿದ್ದರೆ ಅಷ್ಟು ವಯಸ್ಸಾಗುವ ತನಕವೂ ಕಾಯಬೇಡಿ. ರಕ್ತ ಕಂಡರೆ, ಕಾರಣವಿಲ್ಲದೆ ಮೈ ಇಳಿದರೆ, ಸುಸ್ತು ಬಿಡದೇ ಇದ್ದರೆ ಮೆಣಸಿನಕಾಯಿಯನ್ನು ಬೈಯುತ್ತಾ ಕೂರಬೇಡಿ, ಇವತ್ತೇ ಡಾಕ್ಟರ ಹತ್ತಿರ ಹೋಗಿ. ಅಕ್ಕಂದಿರೇ, ನಿಮ್ಮವರನ್ನು ಕಾಯುವಾಗ ಪಕ್ಕದಲ್ಲಿ ಒಬ್ಬನೇ ಕೂತು ಉಣ್ಣುವವನ ಬೆಲ್ಟಿನ ಕಡೆಯೂ ಒಂದು ಕಣ್ಣಿರಲಿ. ಆಸ್ಪತ್ರೆಯವರೇ, ನಿಮಗೂ ಒಂದು ಮಾತು: ಹತ್ತು ಗಂಟೆಗೆ ಫೋನು ಮಾಡಬೇಡಿ ಸ್ವಾಮೀ, ಛಾವಣಿಯ ಮೇಲಿರುತ್ತಾರೆ.